ಹೋಲಿಕೆಯೂ ವಂಶವೂ

‘ತತ್ತ್ವಾರ್ಥಸೂತ್ರ’ವು ಜೀವಗಳು ಹುಟ್ಟುವ ನೆಲೆಗಳನ್ನು ವಿಂಗಡಿಸುವಾಗ ಶೀತ, ಉಷ್ಣ, ಮಿಶ್ರ ಎಂಬ ಭೇದಗಳನ್ನೂ ಹೇಳುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು, ಬೆಂಕಿಯೇ ಒಡಲಾಗಿರುವ ತೇಜಸ್ಕಾಯಿಕ ಜೀವಗಳನ್ನು ಉಷ್ಣಯೋನಿಗಳೆಂದು ಗುರುತಿಸುತ್ತಾರೆ. ದಾವಣಗೆರೆಯ ನನ್ನ ಸ್ನಾತಕೋತ್ತರ ತರಗತಿಯಲ್ಲಿ ಈ ಮಾತು ಬಂದಾಗ, ಹರಿಹರದಿಂದ ದಿನವೂ ಬಂದುಹೋಗುವ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಜ್ವಾಲಾಮುಖಿಯ ಬಿಸಿಯಲ್ಲಿ ಬದುಕುವ ಆರ್ಕಿಯಾ ಬಗ್ಗೆ ಬಿ.ಎಸ್ಸಿ.ಯಲ್ಲಿ ಓದಿದ್ದೆ. ಇವೇ ಅಲ್ಲವೇ ಅವು?”

ಪ್ರಶ್ನೆ ಆಕರ್ಷಕವಾದುದು. ಸಾಗರತಳದ ಬಿಸಿನೀರಿನ ಬಿರುಕುಗಳಲ್ಲಿ ದೊರೆತ ಪೈರೋಲೋಬಸ್ ಫ್ಯುಮಾರಿ 113 ಡಿಗ್ರಿ ಸೆಲ್ಸಿಯಸ್‌ವರೆಗೂ ಬೆಳೆಯುತ್ತದೆ; 90ಕ್ಕಿಂತ ಕೆಳಗಿಳಿದರೆ ಅದರ ಬೆಳವಣಿಗೆಯೇ ನಿಲ್ಲುತ್ತದೆ. ಮೆಥನೋಪೈರಸ್ ಕ್ಯಾಂಡ್ಲೆರಿಯ ಒಂದು ತಳಿ ಅಧಿಕ ಒತ್ತಡದಲ್ಲಿ 122 ಡಿಗ್ರಿಯಲ್ಲೂ ವೃದ್ಧಿಯಾದುದನ್ನು ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನೀರಿನಡಿಯ ಜ್ವಾಲಾಮುಖಿಯ ಕುರುಹು ಕಾಣಲು ನಾವು ಬಹುದೂರ ಹೋಗಬೇಕಿಲ್ಲ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿ ನಿಂತಿದೆ.

ಆದರೆ ‘ಇವೇ ಅವು’ ಎನ್ನುವ ಮುನ್ನ ಆರ್ಕಿಯಾ ಪತ್ತೆಯಾದ ಬಗೆಯನ್ನು ಗಮನಿಸಬೇಕು. ಸೂಕ್ಷ್ಮದರ್ಶಕದಲ್ಲಿ ಅವು ಬ್ಯಾಕ್ಟೀರಿಯಾಗಳಂತೆಯೇ ಕಾಣುತ್ತವೆ. ಅಂತೆಯೇ ಬಹುಕಾಲ ಬ್ಯಾಕ್ಟೀರಿಯಾ ಎಂದೇ ಎಣಿಸಲ್ಪಟ್ಟಿದ್ದವು. 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎ ತುಣುಕುಗಳನ್ನು ಹೋಲಿಸಿ, ಮೀಥೇನ್ ಉತ್ಪಾದಿಸುವ ಕೆಲವು ಸೂಕ್ಷ್ಮಜೀವಿಗಳು ಬೇರೆಯೇ ವಂಶದವೆಂದು ತೋರಿಸಿದರು. ಬಿಸಿಯನ್ನು ಬಯಸುವ ಹಲವು ಜೀವಿಗಳೂ ಮುಂದೆ ಆ ವಂಶಕ್ಕೆ ಸೇರಿದವು. ಮೊದಲಿಗೆ ಬಳಕೆಯಲ್ಲಿದ್ದ ‘ಆರ್ಕಿಬ್ಯಾಕ್ಟೀರಿಯಾ’ ಎಂಬ ಹೆಸರಿನಿಂದ ‘ಬ್ಯಾಕ್ಟೀರಿಯಾ’ವನ್ನು ವೂಸ್ ಮತ್ತು ಸಂಗಡಿಗರು 1990ರಲ್ಲಿ ಕೈಬಿಟ್ಟರು. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವಲ್ಲ. ಎರಡು ಓಲೆಪ್ರತಿಗಳ ಲಿಪಿ, ಗಾತ್ರ ಒಂದೇ ಆಗಿದ್ದ ಮಾತ್ರಕ್ಕೆ ಅವು ಒಂದೇ ಮೂಲದವೆನ್ನಲಾಗದು. ಪಾಠಾಂತರಗಳನ್ನು ಸಾಲುಸಾಲಾಗಿ ಹೋಲಿಸಿದ ಮೇಲೆಯೇ ಅವುಗಳ ಸಂಬಂಧ ತಿಳಿಯುವುದು.

ಇದೇ ಎಚ್ಚರದಿಂದ ಓದಿದರೆ ಎರಡು ಪರಿಕಲ್ಪನೆಗಳೂ ಬೇರೆಯಾಗಿ ನಿಲ್ಲುತ್ತವೆ. ಆರ್ಕಿಯಾ ಬಿಸಿನೀರಿನಲ್ಲಿ ವಾಸಿಸುವ ಕೋಶ. ಬಿಸಿ ಅದರ ಪರಿಸರ. ತೇಜಸ್ಕಾಯಿಕಕ್ಕೆ ಬೆಂಕಿಯು ಪರಿಸರವಲ್ಲ, ಕಾಯವೇ. ಮೇಲಾಗಿ ಆರ್ಕಿಯಾಗಳೆಲ್ಲ ಉಷ್ಣಪ್ರಿಯವೂ ಅಲ್ಲ. ತಣ್ಣನೆಯ ಕಡಲಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಇರುವವೂ ಉಂಟು. ಆದುದರಿಂದ ಆರ್ಕಿಯಾಕ್ಕೆ ‘ಉಷ್ಣಯೋನಿ’ ಎಂಬ ಪಾರಿಭಾಷಿಕ ಪದ ಒಪ್ಪದು.

‘ನಮ್ಮವರು ಆಗಲೇ ಹೇಳಿದ್ದರು’ ಎಂಬ ಹೆಮ್ಮೆಯಿಂದ ಆಗಮಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಬೆಂಕಿಯಲ್ಲೂ ಜೀವವನ್ನು ಕಂಡುದರಿಂದಲೇ ಮುನಿಯು ಬೆಂಕಿ ಹೊತ್ತಿಸಲಾರ, ಆರಿಸಲಾರ. ಆ ಮಾತಿನ ಗುರಿ ಅಹಿಂಸೆ. ಪ್ರಯೋಗಾಲಯದ ಸಾಕ್ಷಿಯನ್ನು ಅದಕ್ಕೆ ಜೋಡಿಸಿದರೆ, ನಾಳೆ ಆ ಸಾಕ್ಷಿ ಬದಲಾದಾಗ ಅಹಿಂಸೆಯನ್ನೂ ತಿದ್ದಬೇಕಾದೀತು.