ಸುದ್ದಿ ಹೇಳುವವರು ಯಾರು?

ಹುಮನಾಬಾದಿನ ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದ ಸುದ್ದಿ ನನಗೆ ತಿಳಿದದ್ದು ಹನ್ನೆರಡು ದಿನ ತಡವಾಗಿ. ಆಗ ನನ್ನ ಎಂ.ಎ. ಪರೀಕ್ಷೆ ನಡೆದಿತ್ತು. "ನಿನ್ನ ಓದು ಕೆಡ್ತದಂತ ಹೇಳಿಲ್ಲಪ್ಪಾ" ಅಂದಳು ಅವ್ವ. ನಾನು ಊರು ಮುಟ್ಟಿದಾಗ ಅಜ್ಜನಿಗೆ ನನ್ನ ಗುರುತು ಸಿಗಲಿಲ್ಲ.

ಈಗ ಪಿಎಚ್.ಡಿ.ಗಾಗಿ ವಚನಗಳ ಹಳೆಯ ಕಂಪ್ಯೂಟರ್ ಫೈಲುಗಳನ್ನು ಒಟ್ಟುಗೂಡಿಸುತ್ತಿದ್ದೇನೆ. ಕೆಲವು ಯುನಿಕೋಡ್‌ನಲ್ಲಿವೆ, ಉಳಿದವು ನುಡಿಯ ಹಳೆಯ ಫಾಂಟಿನಲ್ಲಿವೆ. ಇವನ್ನು ಓದಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಪ್ರೋಗ್ರಾಂ ನಡೆಯುವಾಗ ಏನಾದರೂ ಎಡವಟ್ಟಾದರೆ ಅದು 'ಎಕ್ಸೆಪ್ಶನ್' ಒಂದನ್ನು ಮೇಲಕ್ಕೆ ಎಸೆಯುತ್ತದೆ. ಮೇಲಿನ ಯಾವುದೋ ಹಂತ ಅದನ್ನು ಹಿಡಿದು ಮುಂದೇನೆಂದು ತೀರ್ಮಾನಿಸಬೇಕು. ಹಿಡಿದದ್ದು ಸುಮ್ಮನೆ ನುಂಗಿಕೊಂಡರೆ ಯಾರಿಗೂ ಏನೂ ತಿಳಿಯದು. ಆ ಮೌನದ ಭಯ ನನಗೆ ಮೊದಲಿನಿಂದಲೂ ಇತ್ತು. ಹಾಗಾಗಿ ನನ್ನ ಎಕ್ಸೆಪ್ಶನ್‌ಗಳು ಹುಟ್ಟಿದ ಕೂಡಲೇ ತಮ್ಮ ಸುದ್ದಿಯನ್ನು ತಾವೇ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಮಿನ ದಿನಚರಿಯಲ್ಲಿ, ಬರೆಯುವಂತೆ ಮಾಡಿದೆ.

ಪ್ರೋಗ್ರಾಂ ಪ್ರತಿ ಫೈಲನ್ನೂ ಮೊದಲು ಯುನಿಕೋಡ್ ಎಂದು ಓದಿ ನೋಡುತ್ತಿತ್ತು. ಆಗದಿದ್ದರೆ ನುಡಿ ಎಂದು ಓದುತ್ತಿತ್ತು. ಮೊದಲ ಸೋಲು ನಿರೀಕ್ಷಿಸಿದ್ದೇ. ಆದರೂ ಪ್ರತಿ ಸಲ 'ದೋಷ' ಎಂದು ದಾಖಲಾಯಿತು. ಹಿಡಿದ ಹಂತಗಳೂ ಬರೆದು ಮತ್ತೆ ಮೇಲಕ್ಕೆ ಎಸೆದದ್ದರಿಂದ ಒಂದೇ ಸುದ್ದಿ ಮೂರು ಮೂರು ಸಲ ಬಂತು. ಲಾಗ್ ಓದುವುದನ್ನೇ ಬಿಟ್ಟೆ. ಯಾವ ರೀತಿಯಲ್ಲೂ ಓದಲಾಗದೆ ಉಳಿದ ಒಂದು ಫೈಲಿನ ಸುದ್ದಿ ಆ ಗದ್ದಲದಲ್ಲೇ ಎಲ್ಲೋ ಮುಳುಗಿತ್ತು. ಅಧ್ಯಾಯ ಓದಿದ ಮಾರ್ಗದರ್ಶಕರು ಕೇಳಿದರು: "ಮೋಳಿಗೆ ಮಹಾದೇವಿಯ ಒಂದು ವಚನವೂ ಲೆಕ್ಕದಲ್ಲಿಲ್ಲವಲ್ಲ?" ನಮ್ಮ ಪಕ್ಕದ ಕಲ್ಯಾಣದ ಶರಣೆ! ತಲೆ ತಗ್ಗಿಸಿದೆ.

ಮೌನಕ್ಕೆ ಹೆದರಿ ಗದ್ದಲ ಎಬ್ಬಿಸಿದ್ದೆ. ಎರಡರಲ್ಲೂ ತಿಳಿಯಬೇಕಾದದ್ದು ತಿಳಿಯಲಿಲ್ಲ.

ಆಮೇಲೆ ಯೋಚಿಸಿದೆ. ಯುನಿಕೋಡ್ ಓದು ಸೋತಾಗ ಪೈಥಾನಿನ ಎಕ್ಸೆಪ್ಶನ್‌ಗೆ ಯಾವ ಬೈಟ್‌ನಲ್ಲಿ, ಯಾವ ಕಾರಣಕ್ಕೆ ಸೋತಿತೆಂಬುದು ಗೊತ್ತಿರುತ್ತದೆ. ಅದಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ, ಹಾಗಾಗಿ ಆ ಮಾತನ್ನು ಅದೇ ಹೊತ್ತು ತರಬೇಕು. ಆದರೆ ಆ ಸೋಲು ದೊಡ್ಡದೋ ಸಣ್ಣದೋ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಹಿಡಿದವರಿಗೆ ಗೊತ್ತು. ಏನಾಯಿತೆಂದು ಬಲ್ಲವರು ಬೇರೆ, ಊರಿಗೆ ಸಾರಬೇಕೇ ಎಂದು ನಿರ್ಧರಿಸುವವರು ಬೇರೆ.

2022ರಲ್ಲಿ ಬಂದ ಪೈಥಾನ್ 3.11ರಲ್ಲಿ ಎಕ್ಸೆಪ್ಶನ್‌ಗೆ ಟಿಪ್ಪಣಿ ಸೇರಿಸುವ ಅನುಕೂಲವಿದೆ. ದಾರಿಯಲ್ಲಿ ಹಿಡಿದವರು ತಮಗೆ ಗೊತ್ತಿದ್ದನ್ನು ಅದಕ್ಕೆ ಅಂಟಿಸಿ ಮೇಲಕ್ಕೆ ಕಳಿಸಬಹುದು. ಈಗ ನನ್ನ ಎಕ್ಸೆಪ್ಶನ್‌ಗಳು ಲಾಗ್ ಮುಟ್ಟುವುದಿಲ್ಲ. ನಡುವಿನ ಹಂತ ಫೈಲಿನ ಹೆಸರು ಸೇರಿಸುತ್ತದೆ, ಕೊನೆಗೆ ಹಿಡಿಯುವ ಹಂತ ಬೇಕಾದರೆ ಒಂದೇ ಸಲ ಬರೆಯುತ್ತದೆ. ನುಂಗುವ ಹಾಗಿಲ್ಲ. ಮೊನ್ನೆ ಲಾಗ್‌ನಲ್ಲಿ ಇದ್ದದ್ದು ಎರಡೇ ಸಾಲು, ಎರಡನ್ನೂ ಓದಿದೆ.

ಹೋದ ತಿಂಗಳು ಅವ್ವನ ಫೋನ್ ಬಂತು. "ನಿಮ್ಮಪ್ಪಗ ಶುಗರ್ ಜಾಸ್ತಿ ಆಗ್ಯದ. ಡಾಕ್ಟರ್ ಗುಳಗಿ ಬದಲಿ ಮಾಡ್ಯಾರ. ನೀ ಬರೋದೇನು ಬ್ಯಾಡ, ಆದ್ರ ನಿನಗ ಗೊತ್ತಿರ್ಲಿ ಅಂತ ಹೇಳ್ದೆ."

ಹೇಳಿದಳಲ್ಲ, ಅಷ್ಟು ಸಾಕು. ಹೋಗುವುದೋ ಬಿಡುವುದೋ ನನಗೆ ಬಿಟ್ಟದ್ದು. ಆ ರಾತ್ರಿಯೇ ಬಸ್ ಹತ್ತಿದೆ.