ಮಣ್ಣಿ, ನೊಗ್ಲಿ ಮತ್ತು ಮುಚ್ಚಿದ ಬಾಯಿ

ಮಗುವಿನ ಊಟಕ್ಕೆ ಉಪ್ಪು ಹಾಕಬೇಡಿ ಎಂದು ಅಂಕೋಲೆಯ ಮನೆಯೊಂದರಲ್ಲಿ ಕೂತು ಹೇಳುವುದಕ್ಕೆ ಎಂಟೆದೆ ಬೇಕು. 1930ರಲ್ಲಿ ಉಪ್ಪಿನ ಕಾಯ್ದೆ ಮುರಿದ ಊರು ಇದು. ಆ ಕಾಲದ ಹೋರಾಟಗಳಿಂದಾಗಿಯೇ ತಾಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಅಂಥಲ್ಲಿ ಮಕ್ಕಳ ವೈದ್ಯರೊಬ್ಬರು, ವರ್ಷ ತುಂಬುವ ತನಕ ಉಪ್ಪು ಬೇಡ, ಎರಡು ತುಂಬುವ ತನಕ ಸಕ್ಕರೆ ಬೇಡ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಮನೆಗೆ ಬಂದ ಈ ಲೇಖಕಿಯನ್ನು ಅತ್ತೆ ಕೇಳಿದ್ದು ಒಂದೇ ಮಾತು: "ಸಪ್ಪೆ ಗಂಜಿ ನೀನು ಉಣ್ತ್ಯೇನೆ?"

ಉತ್ತರ ಇರಲಿಲ್ಲ. ಮಗು ಉಂಡಿತು. ಉಪ್ಪಿನ ರುಚಿ ಗೊತ್ತಿಲ್ಲದ ನಾಲಿಗೆಗೆ ಸಪ್ಪೆಯೆಂಬುದೂ ಗೊತ್ತಿರುವುದಿಲ್ಲ. ನಿಜವಾದ ಜಗಳ ಶುರುವಾದದ್ದು ಬೆಲ್ಲದ ವಿಷಯದಲ್ಲಿ. ಸಕ್ಕರೆ ಬೇಡವೆಂದರೆ ಬೆಲ್ಲ ಹಾಕಬಹುದಲ್ಲ ಎಂದು ಅತ್ತೆ. ಬೆಲ್ಲವೂ ಸಕ್ಕರೆಯ ಅಣ್ಣನೇ ಎಂದು ಸೊಸೆ. ಈ ವಾದ ತೀರುವ ಮೊದಲೇ ಮಗುವಿಗೆ ವರ್ಷ ತುಂಬಿತು, ನಡೆಯಲು ಬಂತು, ಅದರ ಜೊತೆಗೆ ಬಾಯಿ ಮುಚ್ಚಿಕೊಳ್ಳುವ ವಿದ್ಯೆಯೂ ಬಂತು.

ಒಂದರಿಂದ ಮೂರು ವರ್ಷದ ಮಗುವಿನ ಬಾಯಿ ಒಂದು ಸ್ವತಂತ್ರ ಸಂಸ್ಥಾನ. ಮೊದಲ ವರ್ಷದಲ್ಲಿ ಸರಸರನೆ ಏರುವ ತೂಕ ಎರಡನೇ ವರ್ಷದಲ್ಲಿ ನಿಧಾನವಾಗುತ್ತದೆ, ಹಸಿವೂ ಅಷ್ಟೇ ಇಳಿಯುತ್ತದೆ. ಮನೆಯವರಿಗೆ ಮಾತ್ರ ಮಗು ಏನೂ ತಿನ್ನುತ್ತಿಲ್ಲ ಎನ್ನಿಸತೊಡಗುತ್ತದೆ. ಆಗ ಹೊರಬರುವ ಮೊದಲ ಅಸ್ತ್ರ ಮಣ್ಣಿ.

ಮಣ್ಣಿ ಮಾಡುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ರಾತ್ರಿ ನೆನೆಹಾಕಿದ ರಾಗಿಯನ್ನು ಬೆಳಿಗ್ಗೆ ನುಣ್ಣಗೆ ಅರೆದು, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಹಾಕಿ ಹಿಂಡುತ್ತಾರೆ. ಬೆರಳ ಸಂದಿಯಿಂದ ಇಳಿಯುವ ಹಾಲು ನಸುಗೆಂಪು, ಕೊಂಚ ನೇರಳೆ. ಅದನ್ನು ದಪ್ಪ ತಳದ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಸೌಟು ಭಾರವಾಗಿ, ಪಾತ್ರೆಯ ಅಂಚು ಬಿಟ್ಟು, ಮುದ್ದೆಗೆ ಹೊಳಪು ಬರುತ್ತದೆ. ತುಪ್ಪ ಸವರಿದ ತಟ್ಟೆಗೆ ಸುರಿದರೆ ಆರುವಷ್ಟರಲ್ಲಿ ಕತ್ತರಿಸಲು ಬರುವ ಹಾಗೆ ಗಟ್ಟಿ. ಹಲ್ಲು ಪೂರ್ತಿ ಬಾರದ ಮಗು ತನ್ನ ಕೈಯಲ್ಲೇ ಹಿಡಿದು ತಿನ್ನಬಹುದಾದ ತುಂಡು. ಅತ್ತೆಯದರಲ್ಲಿ ಬೆಲ್ಲ, ಸೊಸೆಯದರಲ್ಲಿ ಕಿವುಚಿದ ಬಾಳೆಹಣ್ಣು.

ಈ ರಾಗಿ ಬಹಳ ದೂರದಿಂದ ಬಂದದ್ದು. ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಈ ಕಡೆ ಬಂದು ಇಲ್ಲಿಯದೇ ಆಯಿತು. ಉತ್ತರ ಕನ್ನಡದ ಗುಡ್ಡದ ಇಳಿಜಾರುಗಳಲ್ಲಿ ಕಾಡು ಕಡಿದು ಸುಟ್ಟು ಕುಮರಿ ಬೇಸಾಯ ಮಾಡುತ್ತಿದ್ದವರ ಮುಖ್ಯ ಬೆಳೆ ರಾಗಿಯೇ. 19ನೇ ಶತಮಾನದಲ್ಲಿ ಬ್ರಿಟಿಷರು ಕಾಡು ಕಾಯುವ ಹೆಸರಿನಲ್ಲಿ ಕುಮರಿಗೆ ಕಡಿವಾಣ ಹಾಕಿದರು, ಕರಾವಳಿಯ ಬಡವರ ರಾಗಿ ಗುಡ್ಡದಿಂದ ಇಳಿದುಹೋಯಿತು. ಈಗ ಅಂಕೋಲೆಯ ಅಂಗಡಿಗೆ ಬರುವ ರಾಗಿ ಬಯಲುಸೀಮೆಯದು. ಅದರ ಕಥೆಯಲ್ಲೂ ಆಫ್ರಿಕ ಮತ್ತೊಮ್ಮೆ ಬರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಾಡ ರಾಗಿಗೆ ಆಫ್ರಿಕದ ತಳಿ ಬೆರೆಸಿ ಇಂಡಾಫ್ ತಳಿಗಳನ್ನು ಮಾಡಿದ ಮೇಲೆ ರೈತರ ಇಳುವರಿಯ ಲೆಕ್ಕವೇ ಬದಲಾಯಿತು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಆದರೆ ಈ ಕ್ಯಾಲ್ಸಿಯಂನ ದೊಡ್ಡ ಪಾಲು ಇರುವುದು ಕಾಳಿನ ಸಿಪ್ಪೆಯಲ್ಲಿ, ಅಂದರೆ ಪಂಚೆಯಲ್ಲಿ ಹಿಂಡಿ ದನದ ಬಾನಿಗೆ ಹಾಕುವ ಚರಟದಲ್ಲಿ. ಆರೇಳು ತಿಂಗಳ ಕೂಸಿಗೆ ಸೋಸುವುದು ಸರಿ. ಓಡಾಡುವ ಮಗುವಿಗೂ ಸೋಸುತ್ತ ಕೂತರೆ ಲಾಭ ಎಮ್ಮೆಗೆ.

ಇನ್ನೊಂದು ಸಂಗತಿ ಗಂಜಿಯದು. ಹತ್ತು ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 300 ಮಿಲಿಲೀಟರ್. ಕಿಲೋ ತೂಕಕ್ಕೆ 30 ಎಂಬ ಲೆಕ್ಕ. ಕುಚ್ಚಲಕ್ಕಿಯ ತಿಳಿಗಂಜಿಯಿಂದಲೇ ಅದನ್ನು ತುಂಬಿಸಿದರೆ ಹೊಟ್ಟೆ ಉಬ್ಬುತ್ತದೆ, ಮಗು ಬೆಳೆಯುವುದಿಲ್ಲ. ಗಟ್ಟಿ ಮಾಡಿದರೆ ನುಂಗುವುದಿಲ್ಲ. ಈ ಇಕ್ಕಟ್ಟಿಗೆ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ದಾರಿ ತೋರಿಸಿದರು. ಅವರು ಹಿಡಿದದ್ದು ಮೊಳಕೆ ರಾಗಿಯನ್ನು. ಕಾಳು ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಮೊಳಕೆ ಹಿಟ್ಟಿನ ಅಂಬಲಿಗೆ ಹೆಚ್ಚು ಹಿಟ್ಟು ಹಾಕಿದರೂ ಅದು ತೆಳುವಾಗಿಯೇ ಇರುತ್ತದೆ. ಗಟ್ಟಿ ಗಂಜಿಗೆ ಒಂದು ಚಮಚ ಬೆರೆಸಿದರೂ ಸಾಕು, ನೋಡನೋಡುತ್ತಿದ್ದಂತೆ ಸಡಿಲಾಗುತ್ತದೆ. ಹಳಬರು ಮೊಳಕೆ ಕಟ್ಟಿಸಿ ಒಣಗಿಸಿ ಹುರಿದು ಬೀಸುತ್ತಿದ್ದದ್ದಕ್ಕೆ ಕಾರಣ ಪ್ರಯೋಗಾಲಯದಲ್ಲಿ ಸಿಕ್ಕಿತು, ಅಷ್ಟೇ. ಕರಾವಳಿಯಲ್ಲಿ ಒಂದೇ ತೊಂದರೆ ಎಂದರೆ ಬಿಸಿಲು. ಜೂನ್ ಮೇಲೆ ಅಂಕೋಲೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮೊಳಕೆ ರಾಗಿ ಎಲ್ಲಿ ಒಣಗೀತು? ಹಪ್ಪಳದ ಜೊತೆಗೆ ಮೇ ತಿಂಗಳಲ್ಲೇ ಅದನ್ನೂ ಮುಗಿಸಿಕೊಳ್ಳಬೇಕು.

ಡಬ್ಬಿಯ ಆಹಾರ ಬಂದ ಮೇಲೆ ಈ ತಾಪತ್ರಯ ಯಾಕೆ ಎಂದವರೂ ಇದ್ದರು. ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ಹಾಲು, ಗೋಧಿ, ಸಕ್ಕರೆ ಸೇರಿಸಿ ಮಾಡಿದ ಪುಡಿಯ ವಂಶ ದೊಡ್ಡದು. ಫ್ಯಾರೆಕ್ಸ್ ಡಬ್ಬಿ ಒಂದು ಕಾಲದಲ್ಲಿ ಬಾಣಂತಿಯನ್ನು ನೋಡಲು ಬರುವವರ ಕೈಯಲ್ಲಿರುತ್ತಿತ್ತು. ಪುಡಿ ಖಾಲಿಯಾದ ಡಬ್ಬಿಯಲ್ಲಿ ಮತ್ತೆ ಎಷ್ಟೋ ವರ್ಷ ಸಾಸಿವೆ ಇರುತ್ತಿತ್ತು. ಎಳೆಯ ಮಕ್ಕಳ ಡಬ್ಬಿ ಆಹಾರದ ಜಾಹೀರಾತಿಗೆ 1992ರ ಕಾನೂನು ಮತ್ತು 2003ರ ತಿದ್ದುಪಡಿ ಕಡಿವಾಣ ಹಾಕಿವೆ. ಈಗ ಅಂಗನವಾಡಿಯಿಂದ ಪುಷ್ಟಿ ಎಂಬ ಹಿಟ್ಟಿನ ಪೊಟ್ಟಣ ಮನೆಗೆ ಬರುತ್ತದೆ. 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಗುವಿನ ಊಟವನ್ನು ಎಂಟು ಗುಂಪು ಮಾಡಿದೆ: ತಾಯಿಹಾಲು, ಅಕ್ಕಿ-ರಾಗಿ-ಗೆಡ್ಡೆ, ಬೇಳೆ, ಹಾಲು-ಮೊಸರು, ಮೀನು-ಮಾಂಸ, ಮೊಟ್ಟೆ, ಎ ಜೀವಸತ್ವದ ಹಣ್ಣು-ಸೊಪ್ಪು, ಉಳಿದ ಹಣ್ಣು-ತರಕಾರಿ. ದಿನಕ್ಕೆ ಇವುಗಳಲ್ಲಿ ಐದಾದರೂ ಬೇಕು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಸಾಕಷ್ಟು ಬಗೆಯ ಊಟ ಸಾಕಷ್ಟು ಸಲ ಸಿಗುವುದು ದೇಶದಲ್ಲಿ ನೂರಕ್ಕೆ 11 ಮಕ್ಕಳಿಗೆ ಮಾತ್ರ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇಷ್ಟು ಓದಿಕೊಂಡು ಕಾರವಾರದ ಭಾನುವಾರದ ಸಂತೆಗೆ ಹೋದರೆ ಸಿಟ್ಟು ಬರುತ್ತದೆ. ಎಂಟೂ ಗುಂಪು, ತಾಯಿಹಾಲೊಂದನ್ನು ಬಿಟ್ಟು, ರಸ್ತೆಯ ಮೇಲೇ ಹರಡಿಕೊಂಡಿರುತ್ತವೆ.

ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡರ ಪದ್ಮಶ್ರೀಯಿಂದ ದೇಶಕ್ಕೆಲ್ಲ ಪರಿಚಯವಾದ ಹಾಲಕ್ಕಿ ಒಕ್ಕಲಿಗರ ಹೆಂಗಸರು ಬುಟ್ಟಿಯಲ್ಲಿ ತರುವ ಸರಕೇ ಮಗುವಿನ ವಾರದ ಪಟ್ಟಿ. ಕೆಂಪು ಹರಿವೆಯನ್ನು ಬೇಯಿಸಿ ಅರೆದು ದೋಸೆ ಹಿಟ್ಟಿಗೆ ಹಾಕಿದರೆ ಗುಲಾಬಿ ದೋಸೆ. ಮಗು ಬಣ್ಣಕ್ಕೆ ಮರುಳಾಗಿ ಎರಡು ತುತ್ತು ಜಾಸ್ತಿ ತಿನ್ನುತ್ತದೆ. ಬಸಳೆ ಹೆಸರುಬೇಳೆಯ ಜೊತೆ ಬೆಂದರೆ ತಾನಾಗಿಯೇ ಲೋಳೆಯಾಗಿ ಗಂಟಲಲ್ಲಿ ಜಾರುತ್ತದೆ. ಗೆಣಸನ್ನು ಬೇಯಿಸಿದರೆ ಸಾಕು, ಅದಕ್ಕೆ ಅಡುಗೆಯವರ ಹಂಗಿಲ್ಲ. ತುರಿದ ಸೌತೆಕಾಯಿಯನ್ನು ಅಕ್ಕಿರವೆಗೆ ಸೇರಿಸಿ ಹಬೆಯಲ್ಲಿ ಬೇಯಿಸುವ ತವಸೋಳಿಗೆ ಕೊಂಕಣಿ ಮನೆಗಳಲ್ಲಿ ಬೆಲ್ಲ ಬೀಳುತ್ತದೆ. ಅದನ್ನು ಕಡಿಮೆ ಮಾಡಿ ತೆಂಗಿನ ತುರಿ ಹೆಚ್ಚಿಸಿದರೂ ರುಚಿ ಕೆಡುವುದಿಲ್ಲ. ಶೇಂಗಾ ಮಾತ್ರ ಇಡಿಯಾಗಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹುರಿದು ನುಣ್ಣಗೆ ಅರೆದು ಅಂಬಲಿಗೆ ಬೆರೆಸಬೇಕು.

ಇನ್ನು ಮೀನು. ಮಾರ್ಕೆಟ್ಟಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತರೆ ಮೀನುಗಾರ್ತಿಯೇ ನಿರ್ಧರಿಸಿಬಿಡುತ್ತಾಳೆ. "ತಂಗೀ, ಮಗೀಗೆ ಬಂಗಡೆ ಬ್ಯಾಡ, ಇವತ್ತು ನೊಗ್ಲಿ ತಕಂಡು ಹೋಗು. ಮುಳ್ಳು ತೆಗೀಲಿಕ್ಕೆ ಹಗೂರ." ದಕ್ಷಿಣಕ್ಕೆ ಹೋದಂತೆ ಕಾಣೆ ಎನ್ನಿಸಿಕೊಳ್ಳುವ ಈ ಮೀನಿನ ಮಾಂಸ ಬಿಳಿ, ಮೃದು. ಅರಿಶಿಣ ಹಾಕಿ ಹಬೆಯಲ್ಲಿ ಬೇಯಿಸಿ, ನಡುಮುಳ್ಳನ್ನು ಬಾಲದ ಕಡೆಯಿಂದ ಎತ್ತಿದರೆ ಒಂದೇ ಎಳೆಗೆ ಬಂದುಬಿಡುತ್ತದೆ. ಆದರೂ ಎರಡು ಬೆರಳ ನಡುವೆ ಎಲ್ಲವನ್ನೂ ಒಮ್ಮೆ ಉಜ್ಜಿ ನೋಡದೆ ಅತ್ತೆ ಬಟ್ಟಲಿಗೆ ಹಾಕುವುದಿಲ್ಲ. ಆ ಬೆರಳುಗಳ ಮೇಲೆ ಲೇಖಕಿಗೆ ಯಾವ ತಕರಾರೂ ಇಲ್ಲ. ಜೂನ್ ಒಂದರಿಂದ ಜುಲೈ ಕೊನೆಯ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಾರವಾರದ ಬೈತಖೋಲ್ ಬಂದರಿನಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಆಗ ಒಣಮೀನು ಎಷ್ಟು ಕರೆದರೂ ಮಗುವಿಗೆ ಅದು ಸಲ್ಲ, ಉಪ್ಪು ವಿಪರೀತ. ಆ ಎರಡು ತಿಂಗಳು ಮೊಟ್ಟೆಯದು.

ಮೀನಾಗಲಿ ಸೊಪ್ಪಾಗಲಿ, ಮಗು ತಾನೇ ಆರಿಸಿಕೊಂಡರೆ ಏನಾದೀತು ಎಂದಾಗ ಒಬ್ಬ ಡಾಕ್ಟರ್ ನೆನಪಾಗುತ್ತಾರೆ. ಅಮೆರಿಕದ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ಆಗತಾನೇ ಹಾಲು ಬಿಡಿಸಿದ ಮಕ್ಕಳ ಮುಂದೆ ತಟ್ಟೆಗಳನ್ನಿಟ್ಟು, ತಾವೇ ಆರಿಸಿಕೊಳ್ಳಲು ಬಿಟ್ಟರು. ಒಟ್ಟು 15 ಮಕ್ಕಳು, 34 ಬಗೆಯ ಆಹಾರ; ದಾದಿಯರು ಒತ್ತಾಯ ಮಾಡುವಂತಿಲ್ಲ, ಸೂಚನೆ ಕೊಡುವಂತಿಲ್ಲ. ಒಬ್ಬ ಬೆಳಗಿನ ತಿಂಡಿಗೆ ಕಿತ್ತಳೆ ರಸ ಕುಡಿದು ಲಿವರ್ ತಿಂದ, ಇನ್ನೊಬ್ಬ ರಾತ್ರಿಗೆ ಮೊಟ್ಟೆ-ಬಾಳೆಹಣ್ಣು-ಹಾಲು. ರಿಕೆಟ್ಸ್ ಇದ್ದ ಒಂದು ಮಗು ಕಾಡ್ ಲಿವರ್ ಎಣ್ಣೆಯನ್ನು ತಾನೇ ಕುಡಿದು, ಗುಣವಾದ ಮೇಲೆ ಅದನ್ನು ಮುಟ್ಟದೆ ಹೋಯಿತು. ಹೊತ್ತು ಹೊತ್ತಿನ ಲೆಕ್ಕ ತೆಗೆದರೆ ಎಲ್ಲವೂ ಅಸ್ತವ್ಯಸ್ತ, ತಿಂಗಳುಗಳ ಲೆಕ್ಕ ತೆಗೆದರೆ ಮಕ್ಕಳೆಲ್ಲ ಗಟ್ಟಿಮುಟ್ಟು. ಮಕ್ಕಳಿಗೆ ಎಲ್ಲ ಗೊತ್ತು ಎಂದು ಇದನ್ನು ಓದಿದವರು ಹಲವರು. ಡೇವಿಸ್ ಮಾತ್ರ 1939ರಲ್ಲಿ ಗುಟ್ಟು ಬಿಚ್ಚಿಟ್ಟರು: ಆ 34ರಲ್ಲಿ ಸಕ್ಕರೆಯಾಗಲಿ ಡಬ್ಬಿಯ ತಿನಿಸಾಗಲಿ ಇರಲೇ ಇಲ್ಲ. ಏನು ಆರಿಸಿದರೂ ತಪ್ಪಾಗದ ಹಾಗೆ ಪಟ್ಟಿ ಮಾಡಿದ್ದು ದೊಡ್ಡವರು.

ಎರಡನೇ ಮಹಾಯುದ್ಧದಲ್ಲಿ ಅದೇ ಕಾಡ್ ಎಣ್ಣೆ ಯುರೋಪಿನಿಂದ ಬರುವುದು ನಿಂತಾಗ, ಕಾರವಾರದಲ್ಲಿ ಮೋರಿ ಎನ್ನಿಸಿಕೊಳ್ಳುವ ಶಾರ್ಕ್ ಮೀನಿನ ಯಕೃತ್ತಿನಿಂದ ಈ ದೇಶದಲ್ಲೇ ಎಣ್ಣೆ ತೆಗೆಯುವುದು ಶುರುವಾಯಿತು. ಆ ಕಾಲದಲ್ಲಿ ಮಕ್ಕಳಾಗಿದ್ದವರು ಅದರ ವಾಸನೆ ನೆನೆದರೆ ಈಗಲೂ ಮುಖ ಹಿಂಡುತ್ತಾರೆ.

ಡೇವಿಸ್ ಪಾಠ ಅಂಕೋಲೆಯ ಅಡುಗೆಮನೆಯಲ್ಲಿ ಅರ್ಧ ಜಾರಿಯಾಗಿದೆ. ಬಟ್ಟಲಿಗೆ ಏನು ಬೀಳಬೇಕು ಎಂಬುದು ಅತ್ತೆ-ಸೊಸೆಯ ಪಂಚಾಯಿತಿಯ ತೀರ್ಮಾನ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಪಡವಲಕಾಯಿಯನ್ನು ಮಗು ಉಗಿದರೆ ಅದು ಮುಂದಿನ ವಾರ ಮತ್ತೆ ಬರುತ್ತದೆ, ಬೇರೆ ವೇಷದಲ್ಲಿ. ಹೊಸ ರುಚಿಯೊಂದು ಒಗ್ಗಲು ಎಂಟು ಹತ್ತು ಸಲ ಎದುರಿಗೆ ಬರಬೇಕಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ, ಬಹಳ ಮನೆಗಳು ಮೂರನೆಯದಕ್ಕೇ ಕೈಚೆಲ್ಲುತ್ತವೆ. ಮೊಬೈಲು ತೋರಿಸಿ ತುರುಕುವುದು ಇಲ್ಲ ಎಂಬ ನಿಯಮವೂ ಇದೆ, ಅದನ್ನು ಪಾಲಿಸದವರು ಅಜ್ಜ.

ಒಂದೇ ಒಂದು ತಿನಿಸಿಗೆ ಪಂಚಾಯಿತಿ ಬೇಕಾಗುವುದಿಲ್ಲ. ಮೇ ತಿಂಗಳಲ್ಲಿ ಹೆದ್ದಾರಿ ಬದಿಯಲ್ಲಿ ಕರಿ ಈಶಾಡ್ ಬುಟ್ಟಿಗಳು ಕಾಣಿಸಿಕೊಂಡರೆ ಆಯಿತು. ಸಿಪ್ಪೆ ತೆಳು, ತಿರುಳು ಹೇರಳ, ನಾರಿಲ್ಲ; ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕವೂ ದಕ್ಕಿತು. ದಪ್ಪ ಸಿಪ್ಪೆಯ ಬಿಳಿ ಈಶಾಡ್ ಅದರ ಮುಂದೆ ಸಪ್ಪಗೆ. ಕಿವುಚಿ ಹಾಲು ಬೆರೆಸಿದರೆ ಸೀಕರಣೆ, ಮೊಸರನ್ನದ ಮೇಲೆ ಸುರಿದರೆ ಊಟ. ಬೆಲ್ಲದ ಜಗಳವೂ ಆ ತಿಂಗಳ ಮಟ್ಟಿಗೆ ಬಂದ್. ಆದರೆ ಹಣ್ಣು ಇಟ್ಟರೆ ಬಾಳುವುದಿಲ್ಲ, ಮಳೆ ಹಿಡಿದರೆ ಹುಳ ಬೀಳುತ್ತದೆ. ಅದಕ್ಕೆ ಸೊಸೆ ತಿರುಳನ್ನು ಐಸ್ ಟ್ರೇಗೆ ತುಂಬಿ ಫ್ರೀಜರಿನಲ್ಲಿಟ್ಟು, ಜುಲೈನಲ್ಲಿ ಒಂದೊಂದೇ ಗಡ್ಡೆಯನ್ನು ರಾಗಿ ಅಂಬಲಿಗೆ ಹಾಕುತ್ತಾಳೆ. ಮಗು ಬಟ್ಟಲು ನೆಕ್ಕುತ್ತದೆ. ಅತ್ತೆ ಮಾತ್ರ ಫ್ರಿಜ್ಜಿನೊಳಗಿನ ಮಾವನ್ನು ಮಾವೆಂದು ಇನ್ನೂ ಒಪ್ಪಿಕೊಂಡಿಲ್ಲ.