ತೂಕ ಮಾಡಿ ಕೊಟ್ಟ ಹರಳು

2018ರ ಅಕ್ಟೋಬರ್‌ನಲ್ಲಿ ಬೆನ್ನು ನೋಯಲು ಶುರುವಾಯಿತು. ನಾನು ಗಮನ ಕೊಡಲಿಲ್ಲ. ನಮ್ಮೂರು ಅಲೀಪುರದಲ್ಲಿ ಹರಳು ಉಜ್ಜುವವರಿಗೆ ಬೆನ್ನುನೋವು ಹೊಸದಲ್ಲ. ಕಡ್ಡಿಯ ತುದಿಗೆ ಅರಗಿನಲ್ಲಿ ಹರಳು ಅಂಟಿಸಿ, ಸಾಣೆಯ ಮುಂದೆ ಬಗ್ಗಿ ಕೂತರೆ ದಿನಕ್ಕೆ ಹತ್ತು ಗಂಟೆ. ಹದಿನಾರನೇ ವಯಸ್ಸಿನಿಂದ ಹಾಗೇ ಕೂತವನು ನಾನು. ಆಗ ನನಗೆ 38.

ಒಬ್ಬ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಇನ್ನೊಬ್ಬರು ಬೆಲ್ಟ್ ಕಟ್ಟಿಕೋ ಎಂದರು. ಐದು ತಿಂಗಳು ಹೀಗೇ ಹೋಯಿತು. ಸಂಜೆ ಹೊತ್ತು ಸಣ್ಣಗೆ ಜ್ವರ ಬರುತ್ತಿತ್ತು. 58 ಕೆಜಿ ಇದ್ದವನು 46ಕ್ಕೆ ಇಳಿದೆ. ಜ್ವರದ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆನ್ನಿಗೂ ಜ್ವರಕ್ಕೂ ಸಂಬಂಧ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

2019ರ ಮಾರ್ಚ್. ತೊಂಡೇಬಾವಿಯಲ್ಲಿ ರೈಲು ಇಳಿದು ನಡೆಯುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಕೂಗಿದ, "ಅಣ್ಣಾ, ಚಪ್ಪಲಿ ಬಿಟ್ಟು ಹೋಗ್ತಿದ್ದೀರಾ." ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದಿದ್ದೆ. ಕಾಲಿಗೆ ಗೊತ್ತಾಗಿರಲಿಲ್ಲ. ಅಷ್ಟು ದಿನದ ನೋವಿಗೆ ಹೆದರದವನು ಆ ಚಪ್ಪಲಿ ನೋಡಿ ಹೆದರಿದೆ.

ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿದರು. ಸೂಜಿ ಹಾಕಿ ಕೀವು ತೆಗೆದು ಪರೀಕ್ಷಿಸಿದರು. ಬೆನ್ನುಮೂಳೆಯ ಕ್ಷಯ. ಎರಡು ಮಣಿ ಸವೆದಿವೆ, ಕೀವು ಬೆನ್ನುಹುರಿಯನ್ನು ಒತ್ತುತ್ತಿದೆ ಎಂದರು. ಟಿ.ಬಿ. ಎಂದರೆ ಕೆಮ್ಮು ಎಂದೇ ತಿಳಿದಿದ್ದೆ. ನನಗೆ ಒಂದು ದಿನವೂ ಕೆಮ್ಮು ಇರಲಿಲ್ಲ. ಆಪರೇಷನ್ ಈಗ ಬೇಡ, ಮಾತ್ರೆ ಕೊಟ್ಟು ನೋಡೋಣ, ಆದರೆ ಹಾಸಿಗೆ ಬಿಟ್ಟು ಏಳಬಾರದು ಎಂದರು.

ನಾಲ್ಕು ಔಷಧಿ ಸೇರಿಸಿದ ಮಾತ್ರೆ. ನನ್ನ ತೂಕಕ್ಕೆ ದಿನಕ್ಕೆ ಮೂರು. ಸರ್ಕಾರದ್ದು, ಪುಕ್ಕಟೆ. ಊಟಕ್ಕೆಂದು ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು. ಮೊದಲ ದಿನ ಮೂತ್ರ ಕೆಂಪಗೆ ಬಂತು. ರಕ್ತವೆಂದು ಹೆಂಡತಿಯನ್ನು ಕೂಗಿದೆ. ಅದು ಮಾತ್ರೆಯ ಬಣ್ಣ, ಹೆದರಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳಿದರು.

ಮಲಗಿದಲ್ಲೇ ಎಲ್ಲ. ಹೆಂಡತಿಯೇ ತೆಗೆದಳು. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದು ಸುಳ್ಳಾಗುತ್ತದೆ. ಮೊದಲ ವಾರ ನಾನು ಅವಳ ಮುಖ ನೋಡಲಿಲ್ಲ. ಜೂನ್‌ನಲ್ಲಿ ಸಾಣೆಯಂತ್ರ ಮಾರಿದೆವು.

ನೋಡಲು ಬಂದವರು "ಸಬರ್ ಕರೋ", ತಾಳ್ಮೆ ತಂದುಕೋ, ಎನ್ನುತ್ತಿದ್ದರು. ತಪ್ಪು ಮಾತಲ್ಲ. ಆದರೆ ಹೇಳಿದವರು ಎದ್ದು ನಡೆದು ಹೋಗುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ.

ಹೆಂಡತಿಯ ಅಣ್ಣ ಇರಾನಿನ ಕುಮ್‌ನಲ್ಲಿ ಓದಿ ಬಂದವರು. ಅವರು ಸಬರ್ ಎನ್ನಲಿಲ್ಲ. ದಿನ ಬಿಟ್ಟು ದಿನ ರಾತ್ರಿಯ ಇಶಾ ನಮಾಜ್ ಮುಗಿಸಿ ಬಂದು, ಹಳೆಯ ಅರಬ್ಬಿ ಬರಹವೊಂದನ್ನು ನಮ್ಮ ಮನೆಮಾತಿನಲ್ಲಿ ಹೇಳತೊಡಗಿದರು. 9ನೇ ಶತಮಾನದ ಅಲ್-ಕಿಂದಿ ಎಂಬ ತತ್ವಜ್ಞಾನಿ ದುಃಖ ಕಳೆಯುವ ಉಪಾಯ ಕುರಿತು ಬರೆದದ್ದು. ಅವನ ತಂದೆ ಕೂಫಾದ ಗವರ್ನರ್ ಆಗಿದ್ದವನು. ಕೂಫಾ ಎಂದರೆ ನಮ್ಮೂರಿನ ಮಗುವಿಗೂ ಗೊತ್ತು, ಇಮಾಮ್ ಹುಸೇನರನ್ನು ಕರೆದು ಕೈಬಿಟ್ಟ ಊರು. ಆ ಹೆಸರು ಬಂದದ್ದಕ್ಕೇ ಮೊದಲು ಕಿವಿ ಕೊಟ್ಟೆನೋ ಏನೋ.

ಅದರಲ್ಲಿ ಒಂದು ಹಡಗಿನ ಕಥೆ. ಹಡಗು ದಾರಿಯಲ್ಲಿ ನಿಲ್ಲುತ್ತದೆ. ಜನ ಇಳಿಯುತ್ತಾರೆ. ಕೆಲವರು ಕೆಲಸ ಮುಗಿಸಿ ಬಂದು ಅಗಲವಾಗಿ ಕೂರುತ್ತಾರೆ. ಕೆಲವರು ಹೂವು, ಚಿಪ್ಪು, ಕಲ್ಲು ಆರಿಸಿ ಹೊತ್ತು ತರುತ್ತಾರೆ. ಅವರಿಗೆ ಇಕ್ಕಟ್ಟಿನ ಜಾಗ, ಮೇಲೆ ಹೊರೆ ಕಾಯುವ ಚಿಂತೆ. ಈ ಕಥೆ ಕಿಂದಿಗಿಂತಲೂ ಹಳೆಯದಂತೆ. ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್ ಹೇಳಿದ್ದು. ಅವನು ಗುಲಾಮನಾಗಿದ್ದವನು, ಕಾಲು ಕುಂಟು.

ಕಲ್ಲಿನ ಮಾತು ಬಂದಾಗ ನನಗೆ ಕೋಪ ಬಂತು. ಕಲ್ಲೇ ನಮ್ಮ ಅನ್ನ. ಭಾವ ಕೇಳಿದರು, "ನೀನು ಉಜ್ಜಿದ ಹರಳು ಯಾರದು?" ಸಾವ್ಕಾರರದು. ಬೆಳಿಗ್ಗೆ ಕ್ಯಾರಟ್ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ತೂಗಿ ವಾಪಸ್ ಪಡೆಯುತ್ತಾರೆ. "ವಾಪಸ್ ಕೊಡುವಾಗ ಯಾವತ್ತಾದರೂ ಅತ್ತಿದ್ದೀಯಾ?" ಇಲ್ಲ. ನಮ್ಮ ಕೈಲಿರುವುದೆಲ್ಲ ಹಾಗೆ ಕೊಟ್ಟದ್ದು, ಕೊಟ್ಟವನು ಕೇಳಿದಾಗ ತಕರಾರು ಮಾಡಬಾರದು, ಕಿಂದಿ ಹೇಳುವುದು ಇಷ್ಟೇ ಎಂದರು.

"ಕಾಲು ಹರಳಲ್ಲ" ಎಂದೆ. ಗೋಡೆ ಕಡೆ ತಿರುಗಿದೆ. ಅವತ್ತು ಅವರು ಬೇಗ ಹೋದರು.

ಮತ್ತೆ ಬಂದಾಗ ಕಿಂದಿಯ ಬದುಕು ಹೇಳಿದರು. ಖಲೀಫ ಮುತವಕ್ಕಿಲನ ಕಾಲದಲ್ಲಿ ಅವನಿಗೆ ಏಟು ಬಿದ್ದವು, ಪುಸ್ತಕಗಳನ್ನೆಲ್ಲ ಕಿತ್ತುಕೊಂಡರು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರಂತೆ. ಅವನೂ ಕಳೆದುಕೊಂಡವನು ಎಂದು ತಿಳಿದ ಮೇಲೆ ಅವನ ಮಾತು ಕೇಳುವುದು ಸುಲಭವಾಯಿತು. ಹರಳುಗಳ ಮೇಲೂ ಅವನು ಬರೆದಿದ್ದ, ವಿದ್ವಾಂಸ ಅಲ್-ಬಿರೂನಿ ಅದನ್ನು ಮೆಚ್ಚಿದ್ದ. ಅದನ್ನು ಕೇಳಿ ಸಣ್ಣ ಹುಡುಗನ ಹಾಗೆ ಖುಷಿಪಟ್ಟೆ.

ನೋವು ಕಡಿಮೆಯಾಗಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ನಸುಕಿನ ಫಜ್ರ್ ಅಜಾನ್‌ವರೆಗೆ ನಿದ್ದೆ ಇಲ್ಲ. ಆದರೆ "ನನಗೇ ಯಾಕೆ" ಎಂದು ಕೇಳುವುದು ನಿಧಾನವಾಗಿ ನಿಂತಿತು. ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದೆ. ಎರಡು ಕೈ ಇದೆ. ಕಣ್ಣಿದೆ. ಬಲಗಾಲಿನ ಬೆರಳು ಅಲ್ಲಾಡುತ್ತದೆ. ಇವತ್ತಿಗೆ ವಾಪಸ್ ಕೇಳಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಎಡಗಾಲಿನ ಕಿರುಬೆರಳು ಅಲ್ಲಾಡಿತು. ಹೆಂಡತಿಗೆ ಮೂರು ಸಲ ತೋರಿಸಿದೆ.

ಸೆಪ್ಟೆಂಬರ್ 10, ಮೊಹರಂ ಹತ್ತನೇ ದಿನ. ಬುದ್ಧಿ ಬಂದಾಗಿನಿಂದ ಆ ದಿನ ಹುಸೇನರ ಶೋಕದ ಮೆರವಣಿಗೆ ತಪ್ಪಿಸಿದವನಲ್ಲ. ಅಂದು ಇಡೀ ಊರು ಬೀದಿಯಲ್ಲಿತ್ತು. ನಾನು ಮಲಗಿದ್ದೆ. ಎದೆ ಬಡಿಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಹುಸೇನರಿಗಾಗಿ ಅತ್ತೆನೋ, ನನಗಾಗಿ ಅತ್ತೆನೋ ಹೇಳಲಾರೆ. ಆ ದಿನ ಕಿಂದಿ ನೆರವಿಗೆ ಬರಲಿಲ್ಲ. ಮಲಗಿದಲ್ಲೇ ನಾನೂ ಕೈಯನ್ನು ಎದೆಗೆ ತಂದೆ.

ಅಕ್ಟೋಬರ್‌ನಲ್ಲಿ ಬೆಲ್ಟ್ ಬಿಗಿದು, ಗೋಡೆ ಹಿಡಿದು ನಿಂತೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲೇ ಇರಲಾಗುತ್ತಿಲ್ಲ ಎಂದು ಎಲ್ಲರೂ ಗೊಣಗಿದರು. ನಾನು ಸುಮ್ಮನಿದ್ದೆ. ಆಶಾ ಕಾರ್ಯಕರ್ತೆ ಮುಖಕ್ಕೆ ಸೆರಗು ಕಟ್ಟಿಕೊಂಡು ಬಂದು ಮಾತ್ರೆ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಒಂದು ತಿಂಗಳೂ ತಪ್ಪಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ, 18 ತಿಂಗಳಾದ ಮೇಲೆ, ಮಾತ್ರೆ ನಿಲ್ಲಿಸಿದರು.

ಬೆನ್ನು ನೋವಿನ ಜೊತೆ ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಈಗ ಬೇರೆಯವರ ಸಾಣೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಕೂರುತ್ತೇನೆ. ಎಡಪಾದದ ಅಡಿ ಇನ್ನೂ ಜೋಮು. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳುತ್ತೇನೆ.